ಹ್ಯಾಮ್ಸ್ಟರ್ ಮನೆಗೆ ಎಷ್ಟು ಆಳ ಬೇಕು?

ಹ್ಯಾಮ್ಸ್ಟರ್ ಸಾಕುತ್ತಿರುವ ಓದುಗರಿಂದ ಬಂದ ಪತ್ರಗಳು ಈ ಸಲ ಒಟ್ಟಿಗೇ ಕೈಸೇರಿದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟುಕೊಟ್ಟಿದ್ದೇನೆ. ಹೆಚ್ಚಿನ ಪತ್ರಗಳಲ್ಲಿರುವುದು ಪ್ರಾಣಿಯ ಮೇಲಿನ ದೂರು: ಸರಳು ಕಡಿಯುತ್ತದೆ, ಜಗಳವಾಡುತ್ತದೆ, ನಾರುತ್ತದೆ, ಹಗಲೆಲ್ಲ ಮುಖವನ್ನೇ ತೋರಿಸುವುದಿಲ್ಲ. ಒಂದಾದ ಮೇಲೊಂದು ಓದುತ್ತ ಹೋದಂತೆ, ಈ ದೂರುಗಳಲ್ಲಿ ಬಹುಪಾಲು ಪ್ರಾಣಿಗಿಂತ ಹೆಚ್ಚಾಗಿ ಅದನ್ನು ಇಟ್ಟಿರುವ ಜಾಗಕ್ಕೆ ಸಲ್ಲಬೇಕಾದವು ಎಂದು ನನಗೆ ತೋರಿತು. ಆದ್ದರಿಂದ ಏನೇ ಕೇಳಿದರೂ ಉತ್ತರ ಸುತ್ತಿ ಬಳಸಿ ಪಂಜರಕ್ಕೇ ಬಂದು ನಿಲ್ಲುತ್ತದೆಯಲ್ಲ ಎಂದು ಪತ್ರ ಬರೆದವರು ಬೇಸರಿಸಬಾರದು.

ಪ್ರಶ್ನೆ: ಮಗಳ ಆಸೆಗೆಂದು ಒಂದು ಸಿರಿಯನ್ ಹ್ಯಾಮ್ಸ್ಟರ್ ತಂದು, ಏಣಿ ಮತ್ತು ಬಣ್ಣದ ಕೊಳವೆಗಳಿರುವ ಮೂರು ಅಂತಸ್ತಿನ ತಂತಿ ಪಂಜರದಲ್ಲಿ ಇಟ್ಟಿದ್ದೇವೆ. ಎರಡು ತಿಂಗಳಿನಿಂದ ಅದು ರಾತ್ರಿಯಿಡೀ ಒಂದೇ ಮೂಲೆಯ ಸರಳನ್ನು ಕಡಿಯುತ್ತಿದೆ. ಮೂಗಿನ ಮೇಲಿನ ಕೂದಲು ಉದುರಿಹೋಗಿದೆ. ಹಲ್ಲು ಸವೆಸಿಕೊಳ್ಳಲು ಹಾಗೆ ಮಾಡುತ್ತದೆ, ಚಿಂತೆ ಬೇಡ ಎಂದು ಮಾರಿದವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಮಾರಿದವರ ಮಾತಿನಲ್ಲಿ ಅರ್ಧ ನಿಜವಿದೆ. ಹ್ಯಾಮ್ಸ್ಟರ್‌ನ ಬಾಚಿಹಲ್ಲುಗಳು ಅದು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತವೆ, ಗಟ್ಟಿಯಾದದ್ದನ್ನು ಕಡಿದು ಅವನ್ನು ಸವೆಸಿಕೊಳ್ಳುವುದು ಅದಕ್ಕೆ ಅಗತ್ಯವೂ ಹೌದು. ಆದರೆ ಆ ಕೆಲಸಕ್ಕೆ ಒಂದು ಮರದ ತುಂಡು, ಸಿಪ್ಪೆಯಿರುವ ಗಟ್ಟಿ ಕಾಳು ಸಾಕು. ಸ್ವಲ್ಪ ಹೊತ್ತು ಕಡಿದು ಅದು ತನ್ನ ಬೇರೆ ಕೆಲಸಕ್ಕೆ ಹೋಗುತ್ತದೆ. ಅದೇ ಮೂಲೆಯ ಅದೇ ಸರಳನ್ನು ದಿನವೂ ಗಂಟೆಗಟ್ಟಲೆ, ಮೂಗಿನ ಕೂದಲು ಸವೆಯುವವರೆಗೆ ಕಡಿಯುವ ಪ್ರಾಣಿ ಹೊರಗೆ ಹೋಗುವ ದಾರಿ ಹುಡುಕುತ್ತಿದೆ ಎಂದೇ ತಿಳಿಯಬೇಕು. ಹೀಗೆ ಲೋಹ ಕಡಿದು ಹಲ್ಲು ಮುರಿದುಕೊಂಡು, ಆಮೇಲೆ ಹಲ್ಲು ವಾರೆಯಾಗಿ ಬೆಳೆದು, ತಿನ್ನಲಾಗದೆ ಸೊರಗುವ ಹ್ಯಾಮ್ಸ್ಟರ್‌ಗಳೂ ಉಂಟು.

ಈ ಚಾಳಿಯನ್ನು ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿರಿಯನ್ ಹ್ಯಾಮ್ಸ್ಟರ್‌ಗಳನ್ನು 1,800 ಚದರ ಸೆಂಟಿಮೀಟರಿನಿಂದ 10,000 ಚದರ ಸೆಂಟಿಮೀಟರಿನವರೆಗಿನ ನಾಲ್ಕು ಅಳತೆಯ ಪಂಜರಗಳಲ್ಲಿ ಇಟ್ಟಿದ್ದರು. ಚಿಕ್ಕ ಪಂಜರದಲ್ಲಿದ್ದವು ದೊಡ್ಡದರಲ್ಲಿದ್ದವುಗಳಿಗಿಂತ ಹೆಚ್ಚು ಸಲ, ಹೆಚ್ಚು ಹೊತ್ತು ಸರಳು ಕಡಿದವು. ಅದಕ್ಕೆ ಒಂದು ವರ್ಷ ಮುಂಚೆ, 2006ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಅಲ್ಲಿ ಬದಲಾಯಿಸಿದ್ದು ಪಂಜರದ ಉದ್ದಗಲವನ್ನಲ್ಲ, ನೆಲದ ಹಾಸಿನ ಆಳವನ್ನು: ಕೆಲವಕ್ಕೆ 10 ಸೆಂಟಿಮೀಟರ್, ಕೆಲವಕ್ಕೆ 40, ಇನ್ನು ಕೆಲವಕ್ಕೆ 80. ಆಳದ ಹಾಸು ಸಿಕ್ಕವು ಬಿಲ ತೋಡಿ ಅದರೊಳಗೆ ಬಾಳಿದವು. 10 ಸೆಂಟಿಮೀಟರ್ ಮಾತ್ರ ಸಿಕ್ಕವು ಸರಳು ಕಡಿಯುವುದರಲ್ಲಿ ಉಳಿದವನ್ನು ಬಹುವಾಗಿ ಮೀರಿಸಿದವು.

ಕಾರಣ ಕೌತುಕದ್ದೇನಲ್ಲ. ಸಿರಿಯನ್ ಹ್ಯಾಮ್ಸ್ಟರ್‌ನ ತವರು ಸಿರಿಯಾದ ಅಲೆಪ್ಪೊ ನಗರದ ಸುತ್ತಲಿನ ಬಯಲು ಮತ್ತು ಅದಕ್ಕೆ ಹತ್ತಿಕೊಂಡಿರುವ ತುರ್ಕಿಯ ದಕ್ಷಿಣದ ಅಂಚು. ಬೇಸಿಗೆಯಲ್ಲಿ ಸುಡುವ, ಚಳಿಗಾಲದಲ್ಲಿ ಕೊರೆಯುವ ಆ ನೆಲದಲ್ಲಿ ಅದು ಅರ್ಧ ಮೀಟರಿಗೂ ಹೆಚ್ಚು ಆಳಕ್ಕೆ ಬಿಲ ತೋಡುತ್ತದೆ. ಮಲಗುವ ಗೂಡು, ಕಾಳಿನ ಕಣಜ, ಮೂತ್ರ ಮಾಡುವ ಮೂಲೆ ಎಲ್ಲವೂ ಬೇರೆ ಬೇರೆ. 1930ರಲ್ಲಿ ಜೆರುಸಲೇಮಿನ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲೆಪ್ಪೊ ಬಳಿಯ ಹೊಲದಲ್ಲಿ ಇಂಥದೊಂದು ಬಿಲವನ್ನು ಅಗೆಸಿ ತಾಯಿಯನ್ನೂ ಅದರ 11 ಮರಿಗಳನ್ನೂ ಹೊರತೆಗೆದರು, ಇಂದು ಲೋಕದ ಮನೆಮನೆಗಳಲ್ಲಿರುವ ಸಿರಿಯನ್ ಹ್ಯಾಮ್ಸ್ಟರ್‌ಗಳು ಬಹುತೇಕ ಆ ಒಂದು ಸಂಸಾರದ ಸಂತತಿ. ಮನೆಯಲ್ಲಿ ಸಾಕಲು ಶುರುವಾಗಿ ಇನ್ನೂ ನೂರು ವರ್ಷವಾಗಿಲ್ಲ. ನಾಯಿ, ಬೆಕ್ಕು, ಹಸುಗಳಂತೆ ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿ ಸ್ವಭಾವ ಬದಲಿಸಿಕೊಂಡ ಪ್ರಾಣಿ ಇದಲ್ಲ. ಅದರ ಕಾಲುಗಳಿಗೆ ತೋಡುವುದು ಗೊತ್ತು, ಏಣಿ ಹತ್ತುವುದಲ್ಲ.

ಹೀಗಾಗಿ ನಿಮ್ಮ ಪಂಜರದ ಮೂರು ಅಂತಸ್ತುಗಳನ್ನು ಕೂಡಿಸಿ ಒಟ್ಟು ವಿಸ್ತೀರ್ಣ ಇಷ್ಟು ಎಂದು ಲೆಕ್ಕ ಹಾಕುವಂತಿಲ್ಲ. ಕೆಳಗಿನ ಒಂದು ನೆಲ ಎಷ್ಟಿದೆಯೋ ಅಷ್ಟೇ ಲೆಕ್ಕ. ಹ್ಯಾಮ್ಸ್ಟರ್‌ಗೆ ದೃಷ್ಟಿ ಮಂದ, ಎತ್ತರದ ಅಂದಾಜಂತೂ ಇಲ್ಲವೆನ್ನಬೇಕು. ಅಟ್ಟದ ಅಂಚಿನವರೆಗೆ ನಡೆದು ಹಾಗೆಯೇ ಕೆಳಗೆ ಹೆಜ್ಜೆಯಿಡುತ್ತದೆ. 120 ಗ್ರಾಂ ತೂಕದ ಜೀವಕ್ಕೆ ಎರಡನೆಯ ಅಂತಸ್ತಿನಿಂದ ಬಿದ್ದ ಪೆಟ್ಟು ಸಣ್ಣದಲ್ಲ. ಜರ್ಮನಿಯ ಪ್ರಾಣಿಕ್ಷೇಮ ಪಶುವೈದ್ಯರ ಸಂಘವು ಕನಿಷ್ಠ 100 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಎತ್ತರದ ಜಾಗವಿರಬೇಕು ಎನ್ನುತ್ತದೆ. ಕನಿಷ್ಠ ಎಂಬ ಮಾತನ್ನು ಗಮನಿಸಿ. 10,000 ಚದರ ಸೆಂಟಿಮೀಟರಿನ ಪಂಜರದಲ್ಲಿದ್ದವು ಇನ್ನೂ ನೆಮ್ಮದಿಯಾಗಿದ್ದವೆಂಬುದನ್ನು ಮೇಲಿನ ಅಧ್ಯಯನವೇ ಹೇಳುತ್ತದೆ.

ಒಂದೇ ಅಂತಸ್ತಿನ, ನಾಲ್ಕೂ ಬದಿ ಮುಚ್ಚಿದ, ಮೇಲೆ ಜಾಲರಿಯ ಮುಚ್ಚಳವಿರುವ ಪೆಟ್ಟಿಗೆ ನಿಮಗೆ ಬೇಕು. ಹಳೆಯ ಮೀನಿನ ತೊಟ್ಟಿ ಉದ್ದಕ್ಕೆ ಸಾಲುವಂತಿದ್ದರೆ ಬಹಳ ಒಳ್ಳೆಯದು, ನೀರು ಸೋರುವ ತೊಟ್ಟಿಯಾದರೂ ನಡೆದೀತು. ಮರದ ಪೆಟ್ಟಿಗೆಗೆ ಎದುರಿನ ಬದಿಯಲ್ಲಿ ಗಾಜು ಕೂರಿಸಿಕೊಳ್ಳಬಹುದು. ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಕತ್ತರಿಸಿ ತಂತಿಯ ಜಾಲರಿ ಬಿಗಿದುಕೊಳ್ಳಬಹುದು. ತೀರ ಆಳವಾಗಿದ್ದು ಕಿರಿದಾದ ತೊಟ್ಟಿಯಲ್ಲಿ ಗಾಳಿ ನಿಂತುಬಿಡುವುದರಿಂದ ಮುಚ್ಚಳವಿಡೀ ಜಾಲರಿಯೇ ಇರಲಿ, ಒಂದು ಕಿಂಡಿಯಲ್ಲ. ಹಳೆಯ ಗೂಡಿನ ಹಾಸನ್ನು ಒಂದಿಷ್ಟು ಹೊಸ ಮನೆಗೆ ತಂದು ಹಾಕಿ. ಎರಡು ತಿಂಗಳ ಚಾಳಿ ಎರಡು ದಿನದಲ್ಲಿ ಬಿಡುವುದಿಲ್ಲವಾದರೂ ಕಡಿಯಲು ಸರಳೇ ಇಲ್ಲದ, ತೋಡಲು ನೆಲವಿರುವ ಮನೆಯಲ್ಲಿ ಅದು ಮುಂದುವರಿಯಲು ಆಸ್ಪದವೂ ಇರುವುದಿಲ್ಲ. ಮೂಗಿನ ಗಾಯ ಹಸಿಯಾಗಿದ್ದರೆ ಅಥವಾ ಪ್ರಾಣಿ ತೂಕ ಕಳೆದುಕೊಂಡಿದ್ದರೆ ಒಮ್ಮೆ ಪಶುವೈದ್ಯರಿಂದ ಹಲ್ಲು ನೋಡಿಸಿ.

ಪ್ರಶ್ನೆ: ಹಾಸು ಆಳವಾಗಿರಬೇಕೆಂದು ತಿಳಿದು ಮರದ ಹೊಟ್ಟನ್ನು ಒಂದು ಗೇಣು ಹಾಕಿದೆವು. ಬಿಲ ತೋಡುತ್ತದೆ, ಆದರೆ ತೋಡಿದ ಕೂಡಲೇ ಕುಸಿಯುತ್ತದೆ. ಮಲಗಲು ಮೆತ್ತಗಿರಲೆಂದು ಹತ್ತಿಯನ್ನೂ ಇಟ್ಟಿದ್ದೇವೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಮೊದಲು ಆ ಹತ್ತಿಯನ್ನು ತೆಗೆಯಿರಿ, ಉತ್ತರದ ಉಳಿದ ಭಾಗವನ್ನು ಆಮೇಲೆ ಓದಿದರಾಯಿತು. ಹತ್ತಿಯ ಮತ್ತು ಹತ್ತಿಯಂತಿರುವ ಕೃತಕ ನೂಲಿನ ಎಳೆಗಳು ಬೆರಳಿಗೆ, ಕಾಲಿಗೆ ಸುತ್ತಿಕೊಂಡು ರಕ್ತಸಂಚಾರವನ್ನೇ ನಿಲ್ಲಿಸುತ್ತವೆ. ಕೆನ್ನೆಚೀಲದಲ್ಲಿ ತುಂಬಿಕೊಂಡಾಗ ಅಲ್ಲಿಯೇ ಅಂಟಿಕೊಳ್ಳುತ್ತವೆ, ನುಂಗಿದರೆ ಕರುಳಿಗೆ ಅಡ್ಡ ನಿಲ್ಲುತ್ತವೆ. ಹ್ಯಾಮ್ಸ್ಟರ್ ಗೂಡಿಗೆಂದೇ ಪೊಟ್ಟಣ ಕಟ್ಟಿ ಮಾರುವ ವಸ್ತುವೇ ಅದಕ್ಕೆ ಇಷ್ಟು ಅಪಾಯಕಾರಿಯಾಗಿರುವುದು ಸೋಜಿಗ. ಗೂಡಿಗೆ ವಾಸನೆಯಿಲ್ಲದ, ಅಚ್ಚಿಲ್ಲದ ಬಿಳಿ ಟಿಶ್ಯೂ ಕಾಗದವನ್ನು ಉದ್ದುದ್ದ ಹರಿದು ಪೆಟ್ಟಿಗೆಯೊಳಗೆ ಅಲ್ಲಲ್ಲಿ ಬಿಟ್ಟರೆ ಸಾಕು. ಅದೇ ಆರಿಸಿ, ಕೆನ್ನೆಗೆ ತುರುಕಿಕೊಂಡು, ಬಿಲದೊಳಗೆ ಒಯ್ದು, ಮನುಷ್ಯರು ಕಟ್ಟಿಕೊಡಲಾಗದಷ್ಟು ಅಚ್ಚುಕಟ್ಟಾದ ಗೂಡು ಕಟ್ಟಿಕೊಳ್ಳುತ್ತದೆ.

ಇನ್ನು ಕುಸಿಯುವ ವಿಷಯ. ಗರಗಸದಿಂದ ಉದುರುವ ನುಣ್ಣನೆಯ ಹೊಟ್ಟಿಗೂ ಮರವನ್ನು ಹೆರೆದಾಗ ಬರುವ ಸುರುಳಿ ಚಕ್ಕೆಗೂ ವ್ಯತ್ಯಾಸವಿದೆ. ಹೊಟ್ಟು ಮರಳಿನಂತೆ ಜಾರುತ್ತದೆ, ದೂಳೆದ್ದು ಶ್ವಾಸಕ್ಕೂ ತೊಂದರೆ ಮಾಡುತ್ತದೆ. ಸುರುಳಿ ಚಕ್ಕೆಗಳು ಮಾತ್ರ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಚಕ್ಕೆ ಯಾವ ಮರದ್ದು ಎಂಬುದನ್ನೂ ವಿಚಾರಿಸಬೇಕು: ದೇವದಾರು ಮತ್ತು ಹಸಿ ಪೈನ್ ಮರಗಳ ಘಮ ನಮಗೆ ಹಿತವಾದರೂ ಆ ಘಮದ ರಾಸಾಯನಿಕಗಳು ಸದಾ ಅದರಲ್ಲೇ ಮೂಗಿಟ್ಟು ಬಾಳುವ ಸಣ್ಣ ಪ್ರಾಣಿಯ ಶ್ವಾಸನಾಳವನ್ನು ಕೆರಳಿಸುತ್ತವೆ, ಯಕೃತ್ತಿಗೂ ಹೊರೆಯಾಗುತ್ತವೆ. ಆಸ್ಪೆನ್ ಮರದ ಚಕ್ಕೆಯಲ್ಲಿ ಈ ತೊಂದರೆಯಿಲ್ಲ. ಕಾಗದದ ತಿರುಳಿನಿಂದ ಮಾಡಿದ ಹಾಸು ಇನ್ನೂ ಒಳ್ಳೆಯದು. ದೂಳು ಕಡಿಮೆ, ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ. ಸುದ್ದಿಪತ್ರಿಕೆಯ ಚೂರುಗಳಿಗೆ ಮಸಿಯ ಕಾಟವಿದೆ, ಬಿಲವೂ ನಿಲ್ಲುವುದಿಲ್ಲ.

ನಾನು ಮಾಡುವ ಕ್ರಮ ಹೀಗಿದೆ. ಕಾಗದದ ಹಾಸನ್ನು ನಾಲ್ಕೈದು ಸೆಂಟಿಮೀಟರ್ ಹರಡಿ, ಅಂಗೈಯಿಂದ ಚೆನ್ನಾಗಿ ಅದುಮಿ, ಅದರ ಮೇಲೆ ಉದ್ದನೆಯ ಒಣಹುಲ್ಲನ್ನು ತೆಳ್ಳಗೆ ಅಡ್ಡಡ್ಡ ಹರಡುತ್ತೇನೆ. ಮತ್ತೆ ಹಾಸು, ಮತ್ತೆ ಅದುಮುವುದು, ಮತ್ತೆ ಹುಲ್ಲು. ಮಣ್ಣಿನ ಗೋಡೆ ಕಟ್ಟುವವರು ಹುಲ್ಲು ಕಲಸುವುದು ಯಾವ ಕಾರಣಕ್ಕೋ ಇಲ್ಲಿಯೂ ಅದೇ ಕಾರಣ: ಎಳೆಗಳು ಸುರಂಗದ ಚಾವಣಿಯನ್ನು ಹಿಡಿದಿಡುತ್ತವೆ. ಅದುಮದೆ ಸುರಿದ ಹಾಸು ನೋಡಲು ಅರ್ಧ ಪೆಟ್ಟಿಗೆ ತುಂಬಿದ್ದರೂ ಪ್ರಾಣಿ ನಡೆದಾಡುತ್ತಿದ್ದಂತೆ ಎರಡು ದಿನದಲ್ಲಿ ಮೂರನೇ ಒಂದು ಭಾಗದಷ್ಟು ಇಳಿದುಹೋಗುತ್ತದೆ. ಅದುಮಿದ ಮೇಲೆ ಸಿರಿಯನ್ ಹ್ಯಾಮ್ಸ್ಟರ್‌ಗೆ ಕಡಿಮೆಯೆಂದರೂ 25ರಿಂದ 30 ಸೆಂಟಿಮೀಟರ್ ಉಳಿಯಬೇಕು. 40 ಆದರೆ ಇನ್ನೂ ಒಳ್ಳೆಯದು. ಕುಬ್ಜ ತಳಿಗಳಿಗೆ 20ರಿಂದ 25 ಸೆಂಟಿಮೀಟರಿನಲ್ಲಿ ಕೆಲಸ ನಡೆಯುತ್ತದೆ. ಪೆಟ್ಟಿಗೆಯುದ್ದಕ್ಕೂ ಇದೇ ಆಳ ಬೇಕಿಲ್ಲ. ಒಂದು ತುದಿಯಲ್ಲಿ ದಿಬ್ಬದಂತೆ ಏರಿಸಿ ಇನ್ನೊಂದು ತುದಿಗೆ ಇಳಿಜಾರು ಮಾಡಿದರೆ ತಗ್ಗಿನ ಕಡೆ ಚಕ್ರ, ನೀರು, ಮರಳು ಇಡಲು ಜಾಗವಾಗುತ್ತದೆ.

ಹಾಸಿನ ಮೇಲೆ ಭಾರದ ವಸ್ತುಗಳನ್ನು ಹಾಗೆಯೇ ಇಡಬಾರದು. ಕಲ್ಲು, ಮಣ್ಣಿನ ಪಾತ್ರೆ, ಚಕ್ರ ಇವುಗಳ ಅಡಿಗೆ ಸುರಂಗ ಬಂದರೆ ಮೇಲಿನ ಭಾರ ಅದರ ಮೈಮೇಲೆ ಕುಸಿಯುತ್ತದೆ. ಹಾಗಾಗಿ ತಳದಿಂದಲೇ ನಿಲ್ಲುವ ನಾಲ್ಕು ಕಾಲಿನ ಮರದ ಮಣೆ ಮಾಡಿ ಅದರ ಮೇಲಿಡಬೇಕು. ಮಲಗುವ ಪೆಟ್ಟಿಗೆಗೆ ಒಳಗೆ ಎರಡು ಮೂರು ಕೋಣೆಗಳಿದ್ದು, ತಳವಿಲ್ಲದಿದ್ದು, ಅರ್ಧಕ್ಕಿಂತ ಹೆಚ್ಚು ಭಾಗ ಹಾಸಿನೊಳಗೆ ಹೂತಿದ್ದರೆ ಅದು ಅಲ್ಲಿಂದಲೇ ಕೆಳಕ್ಕೆ ತೋಡಲು ಶುರುಮಾಡುತ್ತದೆ. ಪ್ರವೇಶದ ಕಿಂಡಿ ಸಿರಿಯನ್‌ಗೆ 7 ಸೆಂಟಿಮೀಟರ್ ಅಗಲವಿರಲಿ: ಕೆನ್ನೆಚೀಲ ತುಂಬಿಕೊಂಡು ಬಂದಾಗ ಅದರ ಮುಖ ಹೆಗಲಿಗಿಂತ ಅಗಲವಾಗಿರುತ್ತದೆ, ಕಿರಿದಾದ ಕಿಂಡಿಯಲ್ಲಿ ಸಿಕ್ಕಿಕೊಂಡದ್ದನ್ನು ನಾನೇ ಒಮ್ಮೆ ಮರದ ಹಲಗೆ ಒಡೆದು ಬಿಡಿಸಿದ್ದೇನೆ.

ಮರಳಿನ ಬಗ್ಗೆ ಎರಡು ಮಾತು. ಹ್ಯಾಮ್ಸ್ಟರ್‌ಗೆ ನೀರಿನ ಸ್ನಾನ ಕೂಡದು. ಮೈಯ ಜಿಡ್ಡನ್ನು ಅದು ಮರಳಿನಲ್ಲಿ ಹೊರಳಿ ತೆಗೆದುಕೊಳ್ಳುತ್ತದೆ. ಅಗಲವಾದ ತಟ್ಟೆಯಲ್ಲಿ ಮೂರ್ನಾಲ್ಕು ಸೆಂಟಿಮೀಟರ್ ಮರಳು ಸದಾ ಇರಲಿ. ಅದು ಬಣ್ಣ, ಪರಿಮಳ, ಸುಣ್ಣದಂಶ ಯಾವುದೂ ಬೆರೆಸದ, ತೊಳೆದು ಒಣಗಿಸಿದ ಮರಳಾಗಿರಬೇಕು. ಚಿಂಚಿಲಾ ಪ್ರಾಣಿಗೆಂದು ಮಾರುವ ಹಿಟ್ಟಿನಂಥ ಪುಡಿ ಬೇರೆಯೇ ವಸ್ತು, ಅದು ಹ್ಯಾಮ್ಸ್ಟರ್‌ನ ಶ್ವಾಸಕೋಶ ಸೇರುತ್ತದೆ. ಚಿಟಿಕೆ ಮರಳನ್ನು ಎತ್ತರದಿಂದ ಬಿಟ್ಟು ನೋಡಿ. ಮೋಡದಂತೆ ಎದ್ದರೆ ಅದು ಪುಡಿ. ಕುಬ್ಜ ತಳಿಗಳಿಗೆ, ಅದರಲ್ಲೂ ಮರುಭೂಮಿಯಿಂದ ಬಂದ ರೊಬೊರೊವ್‌ಸ್ಕಿಗೆ, ತಟ್ಟೆ ಸಾಲದು. ಪೆಟ್ಟಿಗೆಯ ಕಾಲುಭಾಗವನ್ನೇ ಮರಳಿಗೆ ಬಿಟ್ಟುಕೊಡಿ.

ಪ್ರಶ್ನೆ: ಒಂದೇ ಸೂಲಿನ ಎರಡು ಸಿರಿಯನ್ ಹೆಣ್ಣುಮರಿಗಳನ್ನು ತಂದಿದ್ದೇವೆ. ಒಂಟಿಯಾಗಿದ್ದರೆ ಬೇಸರವಾದೀತೆಂದು ಎರಡನ್ನೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಇಡಬಹುದಲ್ಲವೇ?

ಉತ್ತರ: ಇಡಬಾರದು. ಪೆಟ್ಟಿಗೆ ಎಷ್ಟೇ ದೊಡ್ಡದಾಗಿರಲಿ, ಅವು ಅಕ್ಕತಂಗಿಯರೇ ಆಗಿರಲಿ, ಬೆಳೆದ ಸಿರಿಯನ್ ಹ್ಯಾಮ್ಸ್ಟರ್‌ಗಳು ಒಂದು ಬಿಲಕ್ಕೆ ಒಂದೇ. ಹೊರಗಿನ ಬಯಲಿನಲ್ಲಿಯೂ ಹರೆಯಕ್ಕೆ ಬಂದವು ಒಂದೊಂದು ಬಿಲದಲ್ಲಿ ಒಂದೊಂದರಂತೆಯೇ ಬಾಳುತ್ತವೆ. ಒಂಟಿತನ ಎಂಬುದು ನಮ್ಮ ಮಾತು; ಆ ಪ್ರಾಣಿಗೆ ಇನ್ನೊಂದರ ವಾಸನೆಯೆಂದರೆ ತನ್ನ ಕಾಳಿಗೂ ಜಾಗಕ್ಕೂ ಬಂದ ಕುತ್ತು. ಮರಿಗಳು ಐದಾರು ವಾರದವರೆಗೆ ಒಟ್ಟಿಗೆ ಸುರುಳಿ ಸುತ್ತಿಕೊಂಡು ಮಲಗುವುದನ್ನು ನೋಡಿ ಜನ ಮೋಸಹೋಗುತ್ತಾರೆ. ಎರಡು ತಿಂಗಳು ತುಂಬುವುದರೊಳಗೆ ಬೇರೆ ಮಾಡಿಬಿಡಿ. ಹಗಲಲ್ಲಿ ಶಾಂತವಾಗಿದ್ದರೂ ಜಗಳ ನಡೆಯುವುದು ರಾತ್ರಿ, ಅದೂ ಸದ್ದಿಲ್ಲದೆ. ಬೆಳಗ್ಗೆ ಕಾಣುವುದು ಗಾಯಗೊಂಡ ಒಂದು ಅಥವಾ ಸತ್ತ ಒಂದು. ನಡುವೆ ಜಾಲರಿ ಹಾಕಿ ಎರಡು ಭಾಗ ಮಾಡುವುದೂ ಬೇಡ, ಜಾಲರಿಯೊಳಗಿಂದ ಕಾಲ್ಬೆರಳು ಕಚ್ಚುತ್ತವೆ, ವಾಸನೆಯ ಕಿರಿಕಿರಿಯೂ ತಪ್ಪುವುದಿಲ್ಲ.

ಎರಡೂ ಹೆಣ್ಣೇ ಎಂಬುದನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಸಿರಿಯನ್ ಹ್ಯಾಮ್ಸ್ಟರ್ ಕೇವಲ 16 ದಿನಕ್ಕೆ ಮರಿ ಹಾಕುತ್ತದೆ, ಹರೆಯಕ್ಕೂ ಒಂದೆರಡು ತಿಂಗಳೊಳಗೇ ಬರುತ್ತದೆ. ಕುಬ್ಜ ತಳಿಗಳಲ್ಲಿ ಕೆಲವು ಜೋಡಿಗಳು ಹೊಂದಿಕೊಂಡು ಇರುವುದುಂಟಾದರೂ ಒಂದು ದಿನ ಇದ್ದಕ್ಕಿದ್ದಂತೆ ಮುರಿದುಬೀಳುವುದೂ ಉಂಟು. ಎರಡನೆಯ ಪೆಟ್ಟಿಗೆ ಸಿದ್ಧವಿಲ್ಲದವರು ಆ ಸಾಹಸಕ್ಕೆ ಹೋಗದಿರುವುದೇ ಲೇಸು.

ಪ್ರಶ್ನೆ: ಪಂಜರದ ಜೊತೆಗೇ ಬಂದ ಚಕ್ರದಲ್ಲಿ ಓಡುವಾಗ ನಮ್ಮ ಹ್ಯಾಮ್ಸ್ಟರ್‌ನ ಬೆನ್ನು ಬಾಗಿದಂತೆ ಕಾಣುತ್ತದೆ. ಚಕ್ರ ಬೇಕೇ ಬೇಕೇ?

ಉತ್ತರ: ಬೇಕೇ ಬೇಕು, ಆದರೆ ಆ ಚಕ್ರ ಬೇಡ. ಜೊತೆಗೇ ಬರುವ ಚಕ್ರಗಳು ಸಾಮಾನ್ಯವಾಗಿ ಅರ್ಧದಷ್ಟು ಅಳತೆಯವು. ಓಡುವಾಗ ಬೆನ್ನು ನೆಟ್ಟಗಿರಬೇಕು, ತಲೆ ಹಿಂದಕ್ಕೆ ಎತ್ತಿಕೊಳ್ಳಬಾರದು. ಸಿರಿಯನ್‌ಗೆ 28ರಿಂದ 30 ಸೆಂಟಿಮೀಟರ್ ವ್ಯಾಸ, ಕುಬ್ಜ ತಳಿಗಳಿಗೆ ಸುಮಾರು 20 ಸೆಂಟಿಮೀಟರ್ ಇದ್ದರೆ ಹಾಗಾಗುತ್ತದೆ. ಓಡುವ ಮೈ ಪೂರ್ತಿ ಮುಚ್ಚಿರಲಿ, ಕಂಬಿಗಳ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ. ಕಿರುಗುಟ್ಟುವ ಚಕ್ರಕ್ಕೆ ಯಂತ್ರದ ಎಣ್ಣೆ ಬಿಡಬೇಡಿ, ಅದು ನೆಕ್ಕುತ್ತದೆ. ಒಂದು ಹನಿ ಅಡುಗೆ ಎಣ್ಣೆ ಸಾಕು.

ಚೆಂಡಿನೊಳಗೆ ಬಿಟ್ಟು ಕೋಣೆಯಲ್ಲಿ ಓಡಾಡಿಸಬಹುದೇ ಎಂದು ಇನ್ನಿಬ್ಬರು ಕೇಳಿದ್ದಾರೆ. ಬೇಡ. ಮೂಗಿನಿಂದಲೇ ದಾರಿ ತಿಳಿಯುವ ಪ್ರಾಣಿಯನ್ನು ಯಾವ ವಾಸನೆಯೂ ಸುಳಿಯದ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಗೋಡೆಗೆ ಡಿಕ್ಕಿ ಹೊಡೆಸುತ್ತ, ನಿಲ್ಲಬೇಕೆನಿಸಿದಾಗ ನಿಲ್ಲಲೂ ಬಿಡದಿರುವುದನ್ನು ವ್ಯಾಯಾಮ ಎನ್ನಲಾರೆ.

ಪ್ರಶ್ನೆ: ವಾರಕ್ಕೊಮ್ಮೆ ಪೆಟ್ಟಿಗೆಯನ್ನೆಲ್ಲ ಖಾಲಿ ಮಾಡಿ ಸಾಬೂನಿನಿಂದ ತೊಳೆದು ಹೊಸ ಹಾಸು ಹಾಕುತ್ತೇನೆ. ಆದರೂ ವಾಸನೆ ಹೋಗುವುದಿಲ್ಲ. ತೊಳೆದ ರಾತ್ರಿಯಂತೂ ಹ್ಯಾಮ್ಸ್ಟರ್ ಹುಚ್ಚು ಹಿಡಿದಂತೆ ಓಡಾಡುತ್ತದೆ. ಇನ್ನೂ ಹೆಚ್ಚು ಸಲ ತೊಳೆಯಬೇಕೇ?

ಉತ್ತರ: ಕಡಿಮೆ ಸಲ ತೊಳೆಯಬೇಕು. ಸಿರಿಯನ್ ಹ್ಯಾಮ್ಸ್ಟರ್‌ಗೆ ಸೊಂಟದ ಎರಡೂ ಬದಿಗಳಲ್ಲಿ, ಕುಬ್ಜ ತಳಿಗಳಿಗೆ ಹೊಟ್ಟೆಯ ನಡುವೆ ವಾಸನೆಯ ಗ್ರಂಥಿಗಳಿರುತ್ತವೆ. ಗೋಡೆಗೆ ಮೈ ಉಜ್ಜುತ್ತ ಅದು ಇಡೀ ಮನೆಗೆ ತನ್ನ ಗುರುತು ಬಳಿದುಕೊಂಡಿರುತ್ತದೆ. ನೀವು ವಾರಕ್ಕೊಮ್ಮೆ ಅಳಿಸಿಹಾಕುತ್ತಿರುವುದು ಆ ಗುರುತನ್ನು. ಪರರ ಮನೆಗೆ ಬಂದು ಬಿದ್ದಂತೆ ಅದು ಗಾಬರಿಗೊಂಡು, ಮೊದಲಿಗಿಂತಲೂ ಹುರುಪಿನಿಂದ ಮತ್ತೆ ಗುರುತು ಹಾಕಲು ತೊಡಗುತ್ತದೆ. ವಾಸನೆ ಹೋಗದಿರಲು ಇದೂ ಒಂದು ಕಾರಣ.

ಹ್ಯಾಮ್ಸ್ಟರ್ ಸ್ವಭಾವತಃ ಶುಚಿಯಾದ ಪ್ರಾಣಿ, ಮೂತ್ರಕ್ಕೆ ಒಂದು ಮೂಲೆಯನ್ನು ಗೊತ್ತು ಮಾಡಿಕೊಳ್ಳುತ್ತದೆ. ಅದು ಬಹುಮಟ್ಟಿಗೆ ಮರಳಿನಲ್ಲೋ ಗೂಡಿನ ಪಕ್ಕದ ಕೋಣೆಯಲ್ಲೋ ಇರುತ್ತದೆ. ಆ ಒದ್ದೆ ಹಾಸನ್ನು ಎರಡು ದಿನಕ್ಕೊಮ್ಮೆ ಚಮಚದಿಂದ ತೋಡಿ ತೆಗೆದು ಅಷ್ಟನ್ನೇ ಹೊಸದಾಗಿ ತುಂಬಿ. ಒಣಗಿದ ಹಿಕ್ಕೆಗೆ ವಾಸನೆಯಿಲ್ಲ, ಅದರ ಬೆನ್ನು ಹತ್ತಬೇಕಿಲ್ಲ. ಆಳವಾದ ಹಾಸಿನ ಮತ್ತೊಂದು ಅನುಕೂಲ ಇಲ್ಲಿ ಕಾಣುತ್ತದೆ: ತೆಳ್ಳಗಿನ ಹಾಸು ಎರಡು ದಿನಕ್ಕೆ ಒದ್ದೆಯಾಗಿ ಅಮೋನಿಯಾದ ಘಾಟು ಹೊಡೆಯುತ್ತದೆ, ಅರ್ಧ ಅಡಿಗೂ ಮೀರಿದ ಹಾಸು ತಿಂಗಳುಗಟ್ಟಲೆ ಒಣಗಿಯೇ ಇರುತ್ತದೆ. ತಿಂಗಳಿಗೊಮ್ಮೆಯೋ ಒಂದೂವರೆ ತಿಂಗಳಿಗೊಮ್ಮೆಯೋ ಮೂರನೇ ಒಂದು ಭಾಗದಷ್ಟನ್ನು ಮಾತ್ರ ಬದಲಾಯಿಸಿ, ಗೂಡಿನ ಸುತ್ತಲಿನದನ್ನು ಮುಟ್ಟದೆ ಬಿಡಿ.

ಕಾಳಿನ ಕಣಜವನ್ನೂ ಹಾಗೆಯೇ ಬಿಡಬೇಕು. ಕೂಡಿಡುವುದು ಎಂಬ ಅರ್ಥದ ಜರ್ಮನ್ ಕ್ರಿಯಾಪದವೇ ಈ ಪ್ರಾಣಿಯ ಹೆಸರಿನಿಂದ ಹುಟ್ಟಿದೆ ಎಂದರೆ ಅದಕ್ಕೆ ತನ್ನ ಹಗೇವು ಎಷ್ಟು ಮುಖ್ಯ ಎಂಬುದನ್ನು ಊಹಿಸಬಹುದು. ಶುಚಿ ಮಾಡುವ ಭರದಲ್ಲಿ ಅದನ್ನೆಲ್ಲ ಎಸೆದರೆ ಪ್ರಾಣಿ ಕಂಗಾಲಾಗುತ್ತದೆ. ತರಕಾರಿ, ಹಣ್ಣಿನಂಥ ಹಸಿ ಚೂರುಗಳು ಕೊಳೆಯುವುದರಿಂದ ಅವನ್ನಷ್ಟೇ ಹುಡುಕಿ ತೆಗೆದು, ಒಣ ಕಾಳನ್ನು ಇದ್ದಲ್ಲಿಯೇ ಉಳಿಸಿ. ತೆಗೆಯಲೇಬೇಕಾದಾಗ ಒಂದು ಹಿಡಿ ಹೊಸ ಕಾಳನ್ನು ಅದೇ ಜಾಗದಲ್ಲಿಡಿ. ಇಷ್ಟೆಲ್ಲ ಮಾಡಿದ ಮೇಲೂ ಬಾಲದ ಸುತ್ತ ಒದ್ದೆಯಾಗಿ ದುರ್ವಾಸನೆ ಬರುತ್ತಿದ್ದರೆ ಅದು ಪೆಟ್ಟಿಗೆಯದ್ದಲ್ಲ, ಕರುಳಿನ ಸೋಂಕಿನದು. ಆಗ ಒಂದು ದಿನವೂ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಪ್ರಶ್ನೆ: ಚಳಿಯಲ್ಲಿ ಒಂದು ಬೆಳಗ್ಗೆ ನಮ್ಮ ಹ್ಯಾಮ್ಸ್ಟರ್ ಸೆಟೆದು ತಣ್ಣಗಾಗಿತ್ತು. ಸತ್ತಿತೆಂದು ಹೂಳಲು ಸಿದ್ಧರಾದಾಗ ಮೀಸೆ ಅಲುಗಿದಂತಾಯಿತು. ಈಗ ಚೇತರಿಸಿಕೊಂಡಿದೆ. ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಲೇ?

ಉತ್ತರ: ಸದ್ಯ, ಮೀಸೆಯನ್ನು ನೋಡಿದಿರಿ. ತೀರ ತಣ್ಣಗಾದಾಗ ಹ್ಯಾಮ್ಸ್ಟರ್‌ಗಳು ಉಸಿರು, ನಾಡಿ ಎರಡನ್ನೂ ಬಹಳ ನಿಧಾನಿಸಿಕೊಂಡು ಜಡನಿದ್ದೆಗೆ ಇಳಿಯುತ್ತವೆ. ಸತ್ತಂತೆ ಕಂಡ ಹ್ಯಾಮ್ಸ್ಟರನ್ನು ಅಂಗೈಗಳ ನಡುವೆ ಹಿಡಿದು ನಿಧಾನವಾಗಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೆಚ್ಚಗೆ ಮಾಡಿ ನೋಡದೆ ತೀರ್ಮಾನಕ್ಕೆ ಬರಬಾರದು, ಚೇತರಿಸಿಕೊಂಡ ಮೇಲೆ ವೈದ್ಯರಿಗೂ ತೋರಿಸಬೇಕು. ಮನೆಯ ಹ್ಯಾಮ್ಸ್ಟರ್ ಅದಕ್ಕೆ ಬೇಕಾದ ಕೊಬ್ಬನ್ನು ಕೂಡಿಸಿಕೊಂಡಿರುವುದಿಲ್ಲವಾದ್ದರಿಂದ ಈ ನಿದ್ದೆ ಅದಕ್ಕೆ ಅಪಾಯವೇ.

ಆದರೆ ಕಿಟಕಿಯ ಬಳಿ ಖಂಡಿತ ಬೇಡ. ಗಾಜಿನ ಪೆಟ್ಟಿಗೆಯ ಮೇಲೆ ನೇರ ಬಿಸಿಲು ಬಿದ್ದರೆ ಒಳಗೆ ಕುಲುಮೆಯಾಗುತ್ತದೆ, 30 ಡಿಗ್ರಿ ದಾಟಿದರೆ ಪ್ರಾಣಿ ಏದುಸಿರು ಬಿಡತೊಡಗುತ್ತದೆ. 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಗಾಳಿ ನೇರ ಬೀಸದ, ಹಗಲು ಮಂದ ಬೆಳಕು ಬೀಳುವ, ಒಳಗೋಡೆಗೆ ತಾಗಿದ ಗಟ್ಟಿ ಮೇಜು ಸರಿಯಾದ ಜಾಗ. ಟಿವಿ, ಧ್ವನಿವರ್ಧಕ, ಕಂಪ್ಯೂಟರುಗಳಿಂದ ದೂರವಿರಲಿ. ನಮಗೆ ಕೇಳದ ಎತ್ತರದ ಸ್ವರಗಳೂ ಅದಕ್ಕೆ ಕೇಳಿಸುತ್ತವೆ. ಸೆಕೆಯ ದಿನಗಳಲ್ಲಿ ಒಂದು ನುಣ್ಣನೆಯ ಬಂಡೆ ಚಪ್ಪಡಿಯನ್ನೋ ಮಣ್ಣಿನ ಬಿಲ್ಲೆಯನ್ನೋ ತಣ್ಣಗೆ ಮಾಡಿ ಮರಳಿನ ಪಕ್ಕ ಇಟ್ಟರೆ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತದೆ. ಚಳಿಗಾಲದ ಕೆಲಸವನ್ನು ಬಹುಪಾಲು ಆಳದ ಹಾಸೇ ಮಾಡುತ್ತದೆ, ಸುರಂಗದ ತುದಿಯ ಗೂಡು ಕೋಣೆಗಿಂತ ಸದಾ ಬೆಚ್ಚಗಿರುತ್ತದೆ. ಆ ಬೆಳಗ್ಗೆ ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟು ಹಾಸಿತ್ತು ಎಂಬುದನ್ನು ನೀವು ಬರೆದಿಲ್ಲ. ಎರಡು ಬೆರಳಿನಷ್ಟೇ ಇದ್ದಿರಬಹುದೆಂಬುದು ನನ್ನ ಅನುಮಾನ.

ಪ್ರಶ್ನೆ: ನಾನು ಆರನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಅಪ್ಪ ಹ್ಯಾಮ್ಸ್ಟರ್‌ಗೆ ದೊಡ್ಡ ಗಾಜಿನ ತೊಟ್ಟಿ ತಂದು ತುಂಬ ಹಾಸು ಹಾಕಿದ ಮೇಲೆ ಅದು ನನಗೆ ಕಾಣುವುದೇ ಇಲ್ಲ. ಮೊದಲು ಚಿಕ್ಕ ಪಂಜರದಲ್ಲಿದ್ದಾಗ ಯಾವಾಗ ಬೇಕಾದರೂ ನೋಡಬಹುದಿತ್ತು. ಏನು ಮಾಡಲಿ?

ಉತ್ತರ: ನಿನ್ನ ಬೇಸರ ನನಗೆ ಅರ್ಥವಾಗುತ್ತದೆ. ಮೊದಲು ಅದು ಯಾವಾಗಲೂ ಕಾಣುತ್ತಿದ್ದದ್ದು ಅಡಗಲು ಜಾಗವಿಲ್ಲದ್ದರಿಂದ. ಈಗ ಅದಕ್ಕೆ ಜಾಗ ಸಿಕ್ಕಿದೆ, ನೋಡುವ ಉಪಾಯವನ್ನು ನಾವು ಬದಲಾಯಿಸಿಕೊಳ್ಳಬೇಕು.

ಅಪ್ಪನ ಜೊತೆ ಸೇರಿ, ಹಾಸು ಹೆಚ್ಚು ಆಳವಿರುವ ಕಡೆ ಗಾಜಿಗೆ ತಾಗಿದಂತೆ ಒಂದು ಸುರಂಗದ ಬಾಯನ್ನು ಬೆರಳಿನಿಂದ ನೀವೇ ತೋಡಿಕೊಡಿ. ಹ್ಯಾಮ್ಸ್ಟರ್ ಬಹುಮಟ್ಟಿಗೆ ಅದನ್ನೇ ಮುಂದುವರಿಸಿ ಗಾಜಿನ ಅಂಚಿನಲ್ಲೇ ಗೂಡು ಮಾಡಿಕೊಳ್ಳುತ್ತದೆ. ಆ ಜಾಗಕ್ಕೆ ಹೊರಗಿನಿಂದ ಕಪ್ಪು ಕಾಗದವನ್ನು, ಮೇಲಿನ ಅಂಚು ಮಾತ್ರ ಅಂಟಿಸಿ ಪರದೆಯಂತೆ ಇಳಿಬಿಡು. ಬೆಳಕು ಬಿದ್ದರೆ ಅದು ಗೂಡನ್ನು ಬೇರೆ ಕಡೆಗೆ ಸಾಗಿಸಿಬಿಡುತ್ತದೆ. ದಿನಕ್ಕೊಮ್ಮೆ ಮೆಲ್ಲನೆ ಕಾಗದ ಎತ್ತಿ, ಒಂದರಿಂದ ಇಪ್ಪತ್ತರವರೆಗೆ ಮನಸ್ಸಿನಲ್ಲೇ ಎಣಿಸುವಷ್ಟು ಹೊತ್ತು ನೋಡಬಹುದು. ಮಲಗಿದ್ದಾಗ ಅದು ಮುಖವನ್ನು ಹೊಟ್ಟೆಯೊಳಗೆ ಮಡಚಿಕೊಂಡು ಉಂಡೆಯಾಗಿರುತ್ತದೆ, ಉಸಿರಾಡುವುದು ಬೆನ್ನಿನ ಮೇಲೆ ಕಾಣುತ್ತದೆ.

ಎಚ್ಚರವಿರುವಾಗ ನೋಡಬೇಕೆಂದರೆ ಸಂಜೆ ಕತ್ತಲಾಗುವ ಹೊತ್ತಿಗೆ ಕೋಣೆಯ ದೀಪ ಆರಿಸಿ ಕೂರು. ಮಂದವಾದ ಕೆಂಪು ಬೆಳಕನ್ನು ಹ್ಯಾಮ್ಸ್ಟರ್ ಅಷ್ಟಾಗಿ ಗಮನಿಸುವುದಿಲ್ಲ, ಒಂದು ಸಣ್ಣ ಕೆಂಪು ದೀಪ ಇಟ್ಟುಕೊಳ್ಳಬಹುದು. ಅದರ ಊಟವನ್ನು ಬಟ್ಟಲಿನಲ್ಲಿಡುವ ಬದಲು ತೊಟ್ಟಿಯ ತುಂಬ ಚೆಲ್ಲಿದರೆ ಒಂದೊಂದೇ ಕಾಳನ್ನು ಮೂಸಿ ಹುಡುಕುತ್ತ ಬಹಳ ಹೊತ್ತು ಹೊರಗಿರುತ್ತದೆ. ಮಲಗಿರುವಾಗ ಎಬ್ಬಿಸಲು ಗಾಜು ತಟ್ಟಬೇಡ, ಬೆಚ್ಚಿ ಕಚ್ಚುತ್ತದೆ. ಕಾಗದ ಎತ್ತಿ ನೋಡಿದ ಮೇಲೆ ಮತ್ತೆ ಇಳಿಬಿಡಲು ಮರೆಯಬೇಡ.